ಜೋ ಹಿಲ್

ಜೋ ಹಿಲ್ (1879-1915): ಸ್ವೀಡನ್ನಿನಲ್ಲಿ ಹುಟ್ಟಿ, ಅಮೆರಿಕದ ಬಂದರು, ಗಣಿ, ರೈಲುಹಾದಿಗಳ ಕೂಲಿಕಾರರ ನಡುವೆ ಹಾಡು ಕಟ್ಟಿದ ಕವಿ, ಗಾಯಕ ಮತ್ತು ಕಾರ್ಮಿಕ ಸಂಘಟಕ. ಹುಟ್ಟುಹೆಸರು ಯೋಯೆಲ್ ಎಮ್ಮಾನುಯೆಲ್ ಹೆಗ್ಲುಂಡ್. ಕೂಲಿಯವರ ಬಾಯಲ್ಲಿ ಆಗಲೇ ಇದ್ದ ಪ್ರಾರ್ಥನಾಗೀತೆ, ಲಾವಣಿ, ನಾಟಕದ ಹಾಡುಗಳ ಮಟ್ಟನ್ನು ತೆಗೆದುಕೊಂಡು ಅದಕ್ಕೆ ಮುಷ್ಕರದ ಮಾತನ್ನು ಹೊಂದಿಸುವುದು ಈತನ ರೀತಿ. ಉಳಿದುಬಂದ ಹಾಡುಗಳು ಎರಡು ಮೂರು ಡಜನ್ ಮೀರವು. ಅವೆಲ್ಲ ಹುಟ್ಟಿದ್ದು ಐದಾರು ವರ್ಷಗಳಲ್ಲಿ. ಕೊಲೆಯ ಆರೋಪದ ಮೇಲೆ ಯೂಟಾ ರಾಜ್ಯ ಈತನನ್ನು 1915ರ ನವೆಂಬರ್ 19ರಂದು ಗುಂಡಿಟ್ಟು ಕೊಂದಿತು. ಆ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲ ಎಂಬ ಆಕ್ಷೇಪ ಅಂದೇ ಎದ್ದಿತು, ಇಂದಿಗೂ ಅಡಗಿಲ್ಲ. ಸಾವಿನ ಕತೆ ದೊಡ್ಡದಾಗಿ ಬೆಳೆದು ಹಾಡುಗಳನ್ನು ಮರೆಮಾಡಿದೆ. ಹಿಲ್‌ನ ನಿಜವಾದ ಅಳತೆ ಸಿಗುವುದು ಅವು ಮುಷ್ಕರದ ಜಾಗಗಳಲ್ಲಿ ಮಾಡಿದ ಕೆಲಸದಲ್ಲಿ.

ಯೆವ್ಲೆಯ ದಿನಗಳು

ಸ್ಟಾಕ್‌ಹೋಮ್‌ನ ಉತ್ತರಕ್ಕೆ, ಬಾಲ್ಟಿಕ್ ಸಮುದ್ರದ ಬೋತ್ನಿಯಾ ಕೊಲ್ಲಿಯ ದಡದಲ್ಲಿರುವ ಯೆವ್ಲೆ ಹಳೆಯ ಬಂದರು ಪಟ್ಟಣ. 1869ರ ಬೆಂಕಿಯಲ್ಲಿ ನದಿಯ ಉತ್ತರ ಭಾಗ ಸುಟ್ಟುಹೋಯಿತು. ದಕ್ಷಿಣದ ದಂಡೆಯಲ್ಲಿ ಕೆಲಸಗಾರರ ಮರದ ಮನೆಗಳು ಒತ್ತೊತ್ತಾಗಿ ಉಳಿದುಕೊಂಡವು. ಅಂಥ ಒಂದು ಮನೆಯಲ್ಲಿ 1879ರ ಅಕ್ಟೋಬರ್ 7ರಂದು ಯೋಯೆಲ್ ಹುಟ್ಟಿದ. ತಂದೆ ಊಲೋಫ್ ರೈಲ್ವೆಯಲ್ಲಿ ಗಾರ್ಡು, ತಾಯಿ ಮಾರ್ಗರೆಟಾ ಕತರೀನಾ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ದೊಡ್ಡವರಾಗುವ ತನಕ ಬದುಕಿದವರು ಆರು ಮಂದಿ.

ಮನೆಯವರು ಲೂಥರನ್ ಪಂಥದ ನಿಷ್ಠಾವಂತ ಭಕ್ತರು. ದೇವರ ಹಾಡಿಲ್ಲದೆ ಅಲ್ಲಿ ದಿನ ಕಳೆಯುತ್ತಿರಲಿಲ್ಲ. ತಂದೆ ತಾನೇ ಮರ ಕೊಯ್ದು ಜೋಡಿಸಿ ಒಂದು ಆರ್ಗನ್ ಮಾಡಿದ್ದ. ಮಕ್ಕಳೆಲ್ಲ ಅದರ ಸುತ್ತ ಕಲೆತು ಹಾಡುತ್ತಿದ್ದರು. ಯೋಯೆಲ್ ಪಿಯಾನೊ, ಪಿಟೀಲು, ಗಿಟಾರ್, ಅಕಾರ್ಡಿಯನ್ ನುಡಿಸುವುದನ್ನು ಎಳವೆಯಲ್ಲೇ ಕಲಿತ. ಒಡಹುಟ್ಟಿದವರನ್ನು ಕೀಟಲೆ ಮಾಡಿ ಪದ ಕಟ್ಟುವ ಚಾಳಿಯೂ ಆಗಲೇ ಅಂಟಿಕೊಂಡಿತ್ತು. ಮುಂದೆ ಅಮೆರಿಕದಲ್ಲಿ ಪ್ರಾರ್ಥನಾಗೀತೆಗಳನ್ನು ತಿರುವಿಹಾಕಿ ಹಾಡಿದವನಿಗೆ ಆ ಗೀತೆಗಳು ಹೊರಗಿನವಲ್ಲ, ಮನೆಯಲ್ಲಿ ಕಿವಿಗೆ ಬಿದ್ದು ಬೆಳೆದಂಥವು ಎಂಬುದನ್ನು ಇಲ್ಲಿ ನೆನೆಯಬೇಕು.

1887ರಲ್ಲಿ ತಂದೆ ಕೆಲಸದ ಮೇಲಿದ್ದಾಗ ಪೆಟ್ಟು ತಿಂದು ತೀರಿಕೊಂಡ. ಎಂಟು ವರ್ಷದ ಹುಡುಗನ ಓದಿಗೆ ಅಲ್ಲಿಗೇ ಕತ್ತರಿ ಬಿತ್ತು. ಮೊದಲು ಹಗ್ಗದ ಕಾರ್ಖಾನೆ, ಆಮೇಲೆ ಉಗಿಯಂತ್ರಕ್ಕೆ ಕಲ್ಲಿದ್ದಲು ತುಂಬುವ ಕೆಲಸ. ಹರೆಯಕ್ಕೆ ಬರುವಾಗ ಚರ್ಮ ಮತ್ತು ಕೀಲುಗಳಿಗೆ ಕ್ಷಯ ತಗುಲಿತು. 1900ರ ಸುಮಾರಿಗೆ ಸ್ಟಾಕ್‌ಹೋಮ್‌ಗೆ ಹೋಗಿ ಸಿಕ್ಕ ಸಣ್ಣಪುಟ್ಟ ಕೆಲಸ ಮಾಡುತ್ತ ಚಿಕಿತ್ಸೆ ಪಡೆದ. ಶಸ್ತ್ರಕ್ರಿಯೆಗಳಾಗಿ ರೋಗ ವಾಸಿಯಾಯಿತು, ಮುಖದ ಮೇಲೂ ಕುತ್ತಿಗೆಯ ಮೇಲೂ ಕಲೆಗಳು ಉಳಿದವು.

1902ರಲ್ಲಿ ತಾಯಿ ತೀರಿಕೊಂಡಾಗ ಮಕ್ಕಳು ಮನೆಯನ್ನು ಮಾರಿ ಬಂದ ಹಣವನ್ನು ಹಂಚಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯೋಯೆಲ್ ಮತ್ತು ಸೋದರ ಪಾಲ್ ಅಮೆರಿಕದ ಹಡಗು ಹತ್ತಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರ ತನಕ ಸ್ವೀಡನ್ ತೊರೆದು ಉತ್ತರ ಅಮೆರಿಕಕ್ಕೆ ಹೋದವರು 12 ಲಕ್ಷಕ್ಕೂ ಹೆಚ್ಚು. ಬರಗಾಲ, ಜಮೀನಿನ ಕೊರತೆ, ಕಡಿಮೆ ಕೂಲಿ ಅವರನ್ನು ಹೊರದೂಡಿದ್ದವು. ಹೆಗ್ಲುಂಡ್ ಸೋದರರು ಆ ಪ್ರವಾಹದ ಎರಡು ಹನಿಗಳು.

ಅಮೆರಿಕದ ಅಲೆದಾಟ

ನ್ಯೂಯಾರ್ಕಿನ ಬವರಿ ಬೀದಿಯ ಹೆಂಡದಂಗಡಿಯೊಂದರಲ್ಲಿ ಉಗುಳುವ ಪಾತ್ರೆಗಳನ್ನು ತೊಳೆಯುವುದು ಸಿಕ್ಕ ಮೊದಲ ಕೆಲಸಗಳಲ್ಲೊಂದು. ಅಲ್ಲಿಂದ ಶಿಕಾಗೊ, ಅಲ್ಲಿಂದ ಪಶ್ಚಿಮಕ್ಕೆ. ಗೋಧಿ ಕೊಯ್ಲು, ಮರ ಕಡಿಯುವ ಶಿಬಿರ, ತಾಮ್ರದ ಗಣಿ, ಹಡಗಿನ ಸರಕು ಇಳಿಸುವ ಕಟ್ಟೆ, ಎಲ್ಲಿ ಕೂಲಿ ಸಿಕ್ಕಿತೋ ಅಲ್ಲಿ ಕೆಲವು ತಿಂಗಳು. ಆ ಕಾಲದ ಅಲೆಮಾರಿ ಕೂಲಿಗಳು ಊರಿಂದೂರಿಗೆ ಹೋಗುತ್ತಿದ್ದದ್ದು ಗೂಡ್ಸ್ ಗಾಡಿಗಳಲ್ಲಿ ಅಡಗಿ ಕುಳಿತು. ಹಾಸಿಗೆಯ ಸುರುಳಿ ಬೆನ್ನ ಮೇಲೇ. ಯೋಯೆಲ್ ಮೊದಲು ಜೋಸೆಫ್ ಹಿಲ್‌ಸ್ಟ್ರಾಮ್ ಆದ, ಕ್ರಮೇಣ ಬರೀ ಜೋ ಹಿಲ್. ಸಂಘ ಕಟ್ಟಲು ಹೊರಟವನ ಹೆಸರು ಮಾಲೀಕರ ಕಪ್ಪುಪಟ್ಟಿಗೆ ಸೇರಿದ್ದರಿಂದ ಹೆಸರು ಬದಲಾಯಿತು ಎಂಬ ವಿವರಣೆಯನ್ನು ಜೀವನಚರಿತ್ರೆಕಾರರು ಹೆಚ್ಚಾಗಿ ಕೊಡುತ್ತಾರೆ.

ಈ ವರ್ಷಗಳಲ್ಲಿ ಈತನ ಜಾಡು ಸಿಗುವುದು ಅಪರೂಪ. ಸಿಕ್ಕ ಕುರುಹುಗಳಲ್ಲಿ ಮುಖ್ಯವಾದದ್ದು ಒಂದು ಪತ್ರ. 1906ರ ಏಪ್ರಿಲ್ 18ರ ಭೂಕಂಪ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ನೆಲಕ್ಕೆ ಕೆಡವಿದಾಗ ಹಿಲ್ ಅಲ್ಲಿದ್ದ. ಕಣ್ಣಾರೆ ಕಂಡದ್ದನ್ನು ಹುಟ್ಟೂರಿನ 'ಯೆವ್ಲೆ ದಾಗ್‌ಬ್ಲಾದ್' ಪತ್ರಿಕೆಗೆ ಬರೆದು ಕಳಿಸಿದ, ಅದು ಅಚ್ಚಾಯಿತು. ದೂರ ಹೋದವನು ಊರಿನೊಂದಿಗೆ ನಂಟು ಕಡಿದುಕೊಂಡಿರಲಿಲ್ಲ ಎಂಬುದಕ್ಕೂ, ಬರೆಯುವ ಕೈ ಆಗಲೇ ಪಳಗಿತ್ತು ಎಂಬುದಕ್ಕೂ ಅದು ಸಾಕ್ಷಿ.

1910ರ ಹೊತ್ತಿಗೆ ಲಾಸ್ ಏಂಜಲಿಸ್ ಬಳಿಯ ಸ್ಯಾನ್ ಪೆಡ್ರೊ ಬಂದರು ಹಿಲ್‌ನ ನೆಲೆಯಾಗಿತ್ತು. ಅಲ್ಲಿನ ನಾವಿಕರ ಕ್ರೈಸ್ತ ಛತ್ರದಲ್ಲಿದ್ದ ಪಿಯಾನೊ ಮೇಲೆ ಹಾಡುಗಳನ್ನು ಕೂಡಿಸುತ್ತಿದ್ದ. ಕುಡಿಯದ, ಸೇದದ, ಮಾತು ಕಡಿಮೆಯಾದ ಎತ್ತರದ ಆಳು ಎಂದು ಜೊತೆಗಿದ್ದವರು ನೆನೆದಿದ್ದಾರೆ. 1911ರಲ್ಲಿ ಮೆಕ್ಸಿಕೊದ ಸರ್ವಾಧಿಕಾರಿ ಪೊರ್ಫಿರಿಯೊ ದಿಯಾಸ್ ವಿರುದ್ಧ ಬಾಹಾ ಕ್ಯಾಲಿಫೋರ್ನಿಯದಲ್ಲಿ ಎದ್ದ ಬಂಡಾಯದಲ್ಲಿ ಕೆಲವು ವಾರ ಭಾಗಿಯಾಗಿದ್ದನೆಂಬ ಮಾತಿದೆ. ಸ್ಯಾನ್ ಪೆಡ್ರೊದ ಬಂದರು ಕೂಲಿಗಳ ಮುಷ್ಕರದ ನಂತರ, 1913ರಲ್ಲಿ, ಅಲೆಮಾರಿತನದ ಆರೋಪ ಹೊರಿಸಿ ಅಲ್ಲಿನ ಪೊಲೀಸರು 30 ದಿನ ಸೆರೆಯಲ್ಲಿಟ್ಟರು.

ಒಂದೇ ದೊಡ್ಡ ಸಂಘ

ಹಿಲ್‌ನ ಹಾಡು ಅರ್ಥವಾಗಬೇಕಾದರೆ ಅದನ್ನು ಹಾಡಿದ ಸಂಘದ ಪರಿಚಯ ಬೇಕು. 'ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದ ವರ್ಲ್ಡ್', ಅಂದರೆ ಐ.ಡಬ್ಲ್ಯೂ.ಡಬ್ಲ್ಯೂ., 1905ರಲ್ಲಿ ಶಿಕಾಗೊದಲ್ಲಿ ಹುಟ್ಟಿತು. ಅದರ ಸದಸ್ಯರಿಗೆ 'ವಾಬ್ಲಿ'ಗಳೆಂಬ ಅಡ್ಡಹೆಸರು. ಆ ಕಾಲದ ಬಲಿಷ್ಠ ಒಕ್ಕೂಟವಾದ 'ಅಮೆರಿಕನ್ ಫೆಡರೇಶನ್ ಆಫ್ ಲೇಬರ್' ಕುಶಲ ಕಸುಬುದಾರರನ್ನು ಕಸುಬಿಗೊಂದರಂತೆ ಸಂಘಟಿಸುತ್ತಿತ್ತು. ಬಡಗಿಗೆ ಬಡಗಿಯ ಸಂಘ, ಇಂಜಿನ್ ಚಾಲಕನಿಗೆ ಚಾಲಕರದು. ಕಸುಬಿಲ್ಲದ ಕೂಲಿ, ಹೊಸದಾಗಿ ಬಂದಿಳಿದ ವಲಸೆಗಾರ, ಕರಿಯ, ಹೆಂಗಸು ಬಹುಮಟ್ಟಿಗೆ ಹೊರಗೆ. ವಾಬ್ಲಿಗಳು ಇವರೆಲ್ಲರನ್ನೂ ಒಂದೇ ದೊಡ್ಡ ಸಂಘದೊಳಗೆ ಕರೆದರು. ದುಡಿಯುವವನಿಗೂ ದುಡಿಸುವವನಿಗೂ ನಡುವೆ ಸಮಾನವಾದದ್ದು ಏನೂ ಇಲ್ಲ ಎಂಬುದು ಅವರ ಘೋಷಣಾಪತ್ರದ ಮೊದಲ ಮಾತು. ಹಿಲ್ 1910ರ ಸುಮಾರಿಗೆ ಸದಸ್ಯನಾದ.

ಈ ಸಂಘಕ್ಕೆ ಹಾಡು ಯಾಕೆ ಬೇಕಾಯಿತು ಎಂಬುದಕ್ಕೆ ಸ್ಪೋಕೇನ್ ನಗರದ ಬೀದಿಗಳಲ್ಲಿ ಉತ್ತರವಿದೆ. ಅಲ್ಲಿ ದಲ್ಲಾಳಿಗಳು ಕೂಲಿಗಳಿಂದ ಹಣ ಕಿತ್ತು ಇಲ್ಲದ ಕೆಲಸಕ್ಕೆ ಕಳಿಸುತ್ತಿದ್ದರು. ಅದರ ವಿರುದ್ಧ ಮಾತಾಡಲು ವಾಬ್ಲಿ ಭಾಷಣಕಾರ ಬೀದಿಮೂಲೆಯಲ್ಲಿ ನಿಂತರೆ ಎದುರಿಗೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ವಾದ್ಯತಂಡ ಬಂದು ತಮಟೆ, ಕಹಳೆಗಳಲ್ಲಿ ಮಾತನ್ನು ಮುಳುಗಿಸಿಬಿಡುತ್ತಿತ್ತು. ಸಂಘಟಕ ಜೆ. ಎಚ್. ವಾಲ್ಷ್ ತನ್ನದೇ ತಂಡ ಕಟ್ಟಿ, ಅವರು ನುಡಿಸುವ ಮಟ್ಟುಗಳಿಗೇ ಬೇರೆ ಮಾತು ಹಾಕಿ ಹಾಡಿಸಿದ. ಎದುರಾಳಿಯ ವಾದ್ಯವೇ ಪಕ್ಕವಾದ್ಯವಾಯಿತು. ಹಾಗೆ ಹುಟ್ಟಿದ ಹಾಡುಗಳು 1909ರಲ್ಲಿ ಪುಸ್ತಕವಾಗಿ ಬಂದವು. ಅಂಗಿಯ ಕಿಸೆಯಲ್ಲಿ ಹಿಡಿಯುವ ಗಾತ್ರ, ಕೆಂಪು ರಟ್ಟು. ಅಸಮಾಧಾನದ ಕೆಂಡಕ್ಕೆ ಗಾಳಿ ಹಾಕುವ ಹಾಡುಗಳು ಎಂಬರ್ಥದ ಉಪಶೀರ್ಷಿಕೆ. 'ಪುಟ್ಟ ಕೆಂಪು ಹಾಡುಪುಸ್ತಕ' ಎಂದೇ ಹೆಸರಾದ ಇದು ಮತ್ತೆ ಮತ್ತೆ ಮುದ್ರಣಗೊಂಡಿತು. 1913ರ ಹೊತ್ತಿಗೆ ಅದರಲ್ಲಿ ಎದ್ದು ಕಾಣುವ ಹೆಸರು ಜೋ ಹಿಲ್‌ನದೇ.

ತಾನು ಮಾಡುತ್ತಿದ್ದುದೇನೆಂದು ಹಿಲ್‌ಗೆ ಸ್ಪಷ್ಟವಾಗಿ ಗೊತ್ತಿತ್ತು. ಕರಪತ್ರ ಎಷ್ಟೇ ಚೆನ್ನಾಗಿದ್ದರೂ ಜನ ಒಂದು ಸಲ ಓದಿ ಬಿಡುತ್ತಾರೆ, ಹಾಡನ್ನಾದರೆ ಬಾಯಿಪಾಠ ಮಾಡಿ ಸಾರಿ ಸಾರಿ ಹಾಡುತ್ತಾರೆ ಎಂದು ಸೆರೆಮನೆಯಿಂದ ಸಂಘದ ಪತ್ರಿಕೆಗೆ ಬರೆದಿದ್ದಾನೆ. ಒಣ ಸಂಗತಿಗೆ ನಗೆಯ ಬಟ್ಟೆ ತೊಡಿಸಿದರೆ ಅರ್ಥಶಾಸ್ತ್ರದ ಪುಸ್ತಕ ಮುಟ್ಟದವನಿಗೂ ಅದು ಮುಟ್ಟುತ್ತದೆ ಎಂಬುದು ಅದೇ ಪತ್ರದ ಮುಂದಿನ ಮಾತು. ಕವಿತೆಯ ಬಗ್ಗೆ ಈತ ಬಿಟ್ಟುಹೋದ ಸಿದ್ಧಾಂತ ಇಷ್ಟೇ, ಇದೇ ಸಾಕಾಗುವಷ್ಟಿದೆ.

ಹಾಡುಗಳು

1911ರ 'ದ ಪ್ರೀಚರ್ ಅಂಡ್ ದ ಸ್ಲೇವ್' ಇವುಗಳಲ್ಲಿ ಅತಿ ಪ್ರಸಿದ್ಧ. ಅದರ ಮಟ್ಟು 1868ರ 'ಇನ್ ದ ಸ್ವೀಟ್ ಬೈ ಅಂಡ್ ಬೈ' ಎಂಬ ಪ್ರಾರ್ಥನಾಗೀತೆಯದು. ಸತ್ತ ಮೇಲೆ ಸುಂದರ ದಡದಲ್ಲಿ ಎಲ್ಲರೂ ಕೂಡುತ್ತೇವೆಂಬುದು ಮೂಲದ ಭಾವ. ಹಿಲ್‌ನ ಹಾಡಿನಲ್ಲಿ ಹಸಿದವನು ಬಂದು ಊಟ ಕೇಳುತ್ತಾನೆ, ಬೋಧಕ ಅವನಿಗೆ ಸತ್ತ ಮೇಲೆ ಆಕಾಶದಲ್ಲಿ ಸಿಗುವ ಕಡುಬಿನ ಆಸೆ ತೋರಿಸುತ್ತಾನೆ. ಇಂಗ್ಲಿಷಿನಲ್ಲಿ ಕೈಗೆಟುಕದ ಭರವಸೆಗೆ ಹೇಳುವ 'ಪೈ ಇನ್ ದ ಸ್ಕೈ' ಎಂಬ ನುಡಿಗಟ್ಟು ಬಂದದ್ದು ಈ ಹಾಡಿನಿಂದ. ಹಾಡು ಬರೆದವನ ಹೆಸರನ್ನು ಕೇಳಿಯೇ ಇರದ ಕೋಟ್ಯಂತರ ಜನರ ಬಾಯಲ್ಲಿ ಆ ನುಡಿಗಟ್ಟು ಓಡಾಡುತ್ತಿದೆ. ಯಾವ ಕವಿಗೂ ಇದು ಸಣ್ಣ ಪ್ರಾಪ್ತಿಯಲ್ಲ. ಹಾಡಿನ ಏಟು ಬೀಳುವುದು ಹಸಿದವನನ್ನು ಉಪದೇಶದಿಂದ ಸುಮ್ಮನಾಗಿಸುವ ವ್ಯವಸ್ಥೆಯ ಮೇಲೆ. ಹುಡುಗನಾಗಿದ್ದಾಗ ತಂದೆಯ ಆರ್ಗನ್ ಪಕ್ಕದಲ್ಲಿ ನಿಂತು ಭಕ್ತಿಯಿಂದ ಹಾಡಿದವನಿಗೆ ಮಾತ್ರ ಬರುವ ನಿಖರತೆ ಅದರಲ್ಲಿದೆ.

'ಕೇಸಿ ಜೋನ್ಸ್' ಹಾಡಿನ ಕತೆಯೂ ಕುತೂಹಲದ್ದು. ಜಾನ್ ಲೂಥರ್ 'ಕೇಸಿ' ಜೋನ್ಸ್ ಎಂಬ ಇಂಜಿನ್ ಚಾಲಕ 1900ರ ಏಪ್ರಿಲ್ 30ರಂದು ಮಿಸಿಸಿಪಿ ರಾಜ್ಯದಲ್ಲಿ, ಡಿಕ್ಕಿ ತಪ್ಪಿಸಲಾಗದಾದಾಗ ಕೊನೆಯವರೆಗೂ ಬ್ರೇಕು ಬಿಡದೆ ಪ್ರಯಾಣಿಕರನ್ನು ಉಳಿಸಿ ತಾನು ಸತ್ತ. ಅವನನ್ನು ವೀರನನ್ನಾಗಿ ಹಾಡುವ ಲಾವಣಿ ದೇಶದ ತುಂಬ ಹಬ್ಬಿತ್ತು. 1911ರ ಸೆಪ್ಟೆಂಬರ್‌ನಲ್ಲಿ ಇಲಿನಾಯ್ ಸೆಂಟ್ರಲ್ ಮತ್ತು ಹ್ಯಾರಿಮನ್ ಒಡೆತನದ ರೈಲುಗಳ ಕಾರ್ಯಾಗಾರಗಳಲ್ಲಿ ಮುಷ್ಕರ ಆರಂಭವಾಯಿತು. ಕಾರ್ಯಾಗಾರದವರು ಕೆಲಸ ನಿಲ್ಲಿಸಿದರೂ ಇಂಜಿನ್ ಚಾಲಕರು ಗಾಡಿ ಓಡಿಸುತ್ತಲೇ ಇದ್ದರು, ಏಕೆಂದರೆ ಅವರದು ಬೇರೆ ಸಂಘ. ಹಿಲ್ ಅದೇ ಜನಪ್ರಿಯ ಲಾವಣಿಯನ್ನು ಎತ್ತಿಕೊಂಡು ಕೇಸಿಯನ್ನು ಮುಷ್ಕರ ಮುರಿಯುವವನನ್ನಾಗಿ ಮಾಡಿದ. ಇಂಥವನಿಗೆ ಇಂಗ್ಲಿಷ್ ಕೂಲಿಗಳು ಇಟ್ಟ ಹೆಸರು 'ಸ್ಕ್ಯಾಬ್', ಅಂದರೆ ಗಾಯದ ಹಕ್ಕಳೆ. ಹಾಡಿನ ಕೇಸಿ ಸತ್ತು ಸ್ವರ್ಗಕ್ಕೆ ಹೋದರೆ ಅಲ್ಲೂ ವಾದ್ಯಗಾರರ ಮುಷ್ಕರ; ಅಲ್ಲೂ ಅದನ್ನು ಮುರಿಯಲು ಹೊರಟವನನ್ನು ದೇವದೂತರ ಸಂಘದವರು ನರಕಕ್ಕೆ ತಳ್ಳುತ್ತಾರೆ. ಅಲ್ಲಿ ಸೈತಾನ ಅವನ ಕೈಗೆ ಗಂಧಕ ಬಾಚುವ ಸಲಿಕೆ ಕೊಡುತ್ತಾನೆ. ಬದುಕಿದ್ದಾಗಿನ ಕೇಸಿ ಜೋನ್ಸ್‌ಗೆ ಇದು ನ್ಯಾಯವಲ್ಲ. ಅವನು ಮುಷ್ಕರ ಮುರಿದವನಾಗಿರಲಿಲ್ಲ. ಆದರೂ ಹಾಡಿನ ವಾದ ಗಟ್ಟಿ: ಕಸುಬಿಗೊಂದು ಸಂಘವಿದ್ದರೆ ಒಬ್ಬ ಕೆಲಸಗಾರನ ಹೋರಾಟವನ್ನು ಇನ್ನೊಬ್ಬ ಕೆಲಸಗಾರನೇ ಸೋಲಿಸುತ್ತಾನೆ.

ಇನ್ನು ಕೆಲವು ಹಾಡುಗಳು ನೇರವಾಗಿ ಒಂದೊಂದು ಮುಷ್ಕರಕ್ಕೆ ಬರೆದವು. 1912ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ರೈಲುಹಾದಿ ಹಾಕುತ್ತಿದ್ದ ಕೂಲಿಗಳು ಕೆಲಸ ನಿಲ್ಲಿಸಿದಾಗ ಅಲ್ಲಿಗೆ ಹೋಗಿ, ಐರ್ಲೆಂಡಿನ ಶ್ಯಾನನ್ ನದಿಯ ಹಾಡಿನ ಧಾಟಿಯಲ್ಲಿ ಫ್ರೇಸರ್ ನದಿಯ ಹಾಡು ಕಟ್ಟಿಕೊಟ್ಟ. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪಟ್ಟಣದ ಬಟ್ಟೆ ಗಿರಣಿಗಳಲ್ಲಿ ಹತ್ತಾರು ಭಾಷೆಗಳ ವಲಸೆಗಾರರು ಮುಷ್ಕರ ಹೂಡಿದಾಗ, ಅದಕ್ಕೆ ಅಡ್ಡನಿಂತ ಕಸುಬು ಸಂಘದ ನಾಯಕ ಜಾನ್ ಗೋಲ್ಡನ್ ಮೇಲೊಂದು ಹಾಡು. 'ದೇರ್ ಈಸ್ ಪವರ್ ಇನ್ ಎ ಯೂನಿಯನ್' ಮತ್ತೊಂದು ಪ್ರಾರ್ಥನಾಗೀತೆಯ ಮರುಹುಟ್ಟು: ಯೇಸುವಿನ ರಕ್ತದಲ್ಲಿ ಶಕ್ತಿಯಿದೆ ಎನ್ನುವ ಕಡೆ ಸಂಘದಲ್ಲಿ ಶಕ್ತಿಯಿದೆ ಎಂದು ಬದಲಾಯಿಸಿದ.

'ಮಿಸ್ಟರ್ ಬ್ಲಾಕ್' ಎಂಬ ಹಾಡು ಅರ್ನೆಸ್ಟ್ ರೀಬೆ ಬರೆಯುತ್ತಿದ್ದ ವ್ಯಂಗ್ಯಚಿತ್ರದ ಪಾತ್ರವನ್ನು ಆಧರಿಸಿದೆ. ಬ್ಲಾಕ್ ಎಂದರೆ ಮರದ ದಿಮ್ಮಿ. ಮರದ ತಲೆಯ ಈ ಕೆಲಸಗಾರ ಮಾಲೀಕನನ್ನೂ ದಲ್ಲಾಳಿಯನ್ನೂ ಪೊಲೀಸನನ್ನೂ ನಂಬಿ ನಂಬಿ ಮೋಸಹೋಗುತ್ತಾನೆ. ಈ ಹಾಡಿಗೆ ರಕ್ತದ ಕಲೆಯೂ ಅಂಟಿದೆ. 1913ರ ಆಗಸ್ಟ್ 3ರಂದು ಕ್ಯಾಲಿಫೋರ್ನಿಯದ ವೀಟ್‌ಲ್ಯಾಂಡ್‌ನಲ್ಲಿ, ಬಿಯರ್‌ಗೆ ಬೇಕಾದ ಹಾಪ್ಸ್ ಕಾಯಿ ಬಿಡಿಸಲು ಬಂದ ಕೂಲಿಗಳು ಕುಡಿಯುವ ನೀರು, ಶೌಚಾಲಯ, ಒಳ್ಳೆಯ ಕೂಲಿ ಕೇಳಿ ಸಭೆ ಸೇರಿದ್ದರು. ಅವರು ಇದೇ ಹಾಡು ಹಾಡುತ್ತಿದ್ದಾಗ ಶೆರಿಫ್‌ನ ಪಡೆ ಬಂದು ನುಗ್ಗಿತು. ನಡೆದ ಗಲಭೆಯಲ್ಲಿ ಇಬ್ಬರು ಕೂಲಿಗಳೂ, ಸರ್ಕಾರಿ ವಕೀಲನೂ, ಶೆರಿಫ್‌ನ ಸಹಾಯಕನೊಬ್ಬನೂ ಸತ್ತರು.

ಕಾವ್ಯದ ಕಣ್ಣಿನಿಂದ ನೋಡಿದರೆ ಹಿಲ್‌ನ ಸಾಲುಗಳು ಒರಟು. ಪ್ರಾಸಕ್ಕೆ ಜೋತುಬೀಳುತ್ತವೆ, ಖಳರೆಲ್ಲ ಒಂದೇ ಬಣ್ಣದವರು. ಇಂಗ್ಲಿಷ್ ಆತನ ತಾಯಿನುಡಿಯಲ್ಲ. ಕೇಳುಗರಲ್ಲೂ ಬಹಳ ಮಂದಿಗೆ ಅದು ತಾಯಿನುಡಿಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಫಿನ್‌ಲ್ಯಾಂಡ್, ಇಟಲಿ, ಪೋಲೆಂಡ್, ಮೆಕ್ಸಿಕೊಗಳಿಂದ ಬಂದವರು ಒಂದೇ ಸಾಲಿನಲ್ಲಿ ನಿಂತು ಹಾಡಬೇಕಾದರೆ ಸಣ್ಣ ಮಾತು, ಎಳೆದು ಹಾಡಬಲ್ಲ ಪಲ್ಲವಿ, ಗೊತ್ತಿರುವ ಧಾಟಿ ಬೇಕು. ಆ ಅಗತ್ಯಕ್ಕೆ ಹಿಲ್‌ನ ಭಾಷೆ ಅಳತೆ ತೆಗೆದು ಹೊಲಿದಂತಿದೆ. ಹಿಲ್‌ನ ಸ್ವಂತ ದನಿಯ ಮುದ್ರಿಕೆ ಒಂದೂ ಉಳಿದಿಲ್ಲ.

ಸಾಲ್ಟ್ ಲೇಕ್ ಸಿಟಿಯ ಮೊಕದ್ದಮೆ

1913ರಲ್ಲಿ ಹಿಲ್ ಯೂಟಾಕ್ಕೆ ಬಂದು ಪಾರ್ಕ್ ಸಿಟಿಯ ಬೆಳ್ಳಿಗಣಿಯಲ್ಲಿ ದುಡಿದ. ನಂತರ ಸಾಲ್ಟ್ ಲೇಕ್ ಸಿಟಿ ಪಕ್ಕದ ಮರ್ರೇಯಲ್ಲಿ ಎಸೆಲಿಯಸ್ ಎಂಬ ಸ್ವೀಡಿಷ್ ಕುಟುಂಬದವರ ಮನೆಯಲ್ಲಿ, ಗೆಳೆಯ ಒಟ್ಟೊ ಆಪೆಲ್‌ಕ್ವಿಸ್ಟ್ ಜೊತೆಗೆ ಉಳಿದುಕೊಂಡಿದ್ದ.

1914ರ ಜನವರಿ 10ರ ಶನಿವಾರ ರಾತ್ರಿ ಮುಖಕ್ಕೆ ಕೆಂಪು ವಸ್ತ್ರ ಕಟ್ಟಿದ ಇಬ್ಬರು ಜಾನ್ ಮಾರಿಸನ್ ಎಂಬಾತನ ದಿನಸಿ ಅಂಗಡಿಗೆ ನುಗ್ಗಿ ಆತನನ್ನೂ ಹದಿನೇಳು ವರ್ಷದ ಮಗ ಆರ್ಲಿಂಗ್‌ನನ್ನೂ ಗುಂಡಿಟ್ಟು ಕೊಂದರು. ಸಾಯುವ ಮುನ್ನ ಆರ್ಲಿಂಗ್ ಅವರಲ್ಲೊಬ್ಬನ ಮೇಲೆ ಗುಂಡು ಹಾರಿಸಿದನೆಂದು ಪೊಲೀಸರು ನಂಬಿದರು. ಅಂಗಡಿಯಿಂದ ಏನೂ ಕಳುವಾಗಿರಲಿಲ್ಲ. ಮಾರಿಸನ್ ಹಿಂದೆ ಪೊಲೀಸನಾಗಿದ್ದವನು, ಅವನ ಮೇಲೆ ಹಿಂದೆಯೂ ದಾಳಿಗಳು ನಡೆದಿದ್ದವು. ಹೀಗಾಗಿ ಸೇಡಿನ ಕೃತ್ಯವೆಂಬುದು ಮೊದಲ ಊಹೆಯಾಗಿತ್ತು. ಅದೇ ರಾತ್ರಿ ಎದೆಗೆ ಗುಂಡು ಹೊಕ್ಕು ಬೆನ್ನಿನಿಂದ ಹೊರಬಿದ್ದ ಗಾಯದೊಂದಿಗೆ ಹಿಲ್ ಫ್ರ್ಯಾಂಕ್ ಮಕ್‌ಹ್ಯೂ ಎಂಬ ವೈದ್ಯನ ಬಾಗಿಲು ತಟ್ಟಿದ. ಹೆಣ್ಣೊಬ್ಬಳ ವಿಷಯದಲ್ಲಿ ಜಗಳವಾಗಿ ಗುಂಡೇಟು ಬಿತ್ತು ಎಂದಷ್ಟೇ ಹೇಳಿದ. ಮೂರು ದಿನಗಳ ಮೇಲೆ ಪೊಲೀಸರು ಬಂದು ಹಿಡಿದರು. ಹಿಡಿಯುವಾಗ ಕೈಗೂ ಗುಂಡು ಹೊಡೆದರು. ಆಪೆಲ್‌ಕ್ವಿಸ್ಟ್ ಅಷ್ಟರಲ್ಲಿ ಕಣ್ಮರೆಯಾಗಿದ್ದ, ಮತ್ತೆ ಸಿಗಲೇ ಇಲ್ಲ.

ಜೂನ್‌ನಲ್ಲಿ ನ್ಯಾಯಾಧೀಶ ಮಾರಿಸ್ ರಿಚಿ ಎದುರು ವಿಚಾರಣೆ ನಡೆಯಿತು. ಕೊಂದವನು ಹಿಲ್‌ನ ಹಾಗೆ ಎತ್ತರವಾಗಿದ್ದ, ಹಿಲ್‌ನ ಹಾಗೆ ತೆಳ್ಳಗಿದ್ದ ಎಂದರು ಸಾಕ್ಷಿಗಳು. ಇವನೇ ಎಂದು ಖಚಿತವಾಗಿ ಯಾರೂ ಹೇಳಲಿಲ್ಲ. ಹಿಲ್‌ನ ಮೈತೂರಿ ಹೋದ ಗುಂಡು ಅಂಗಡಿಯಲ್ಲಿ ಸಿಗಲಿಲ್ಲ. ಸತ್ತವರಿಗೂ ಹಿಲ್‌ಗೂ ಪರಿಚಯವಿದ್ದ ಪುರಾವೆ ಇರಲಿಲ್ಲ. ಇಷ್ಟರ ಮೇಲೂ ಆರೋಪಿ ತನ್ನ ಗಾಯ ಎಲ್ಲಿ, ಯಾರಿಂದ ಆಯಿತೆಂದು ಬಾಯಿ ಬಿಡಲಿಲ್ಲ. ತಪ್ಪು ಮಾಡಿದೆನೆಂದು ರುಜುವಾತು ಮಾಡುವುದು ಸರ್ಕಾರದ ಹೊಣೆ, ಮಾಡಿಲ್ಲವೆಂದು ರುಜುವಾತು ಮಾಡುವುದು ತನ್ನದಲ್ಲ ಎಂಬ ಹಟ ಹಿಡಿದ. ವಿಚಾರಣೆಯ ನಡುವೆ ಎದ್ದುನಿಂತು ತನ್ನ ಇಬ್ಬರು ವಕೀಲರನ್ನೂ ತೆಗೆದುಹಾಕುವುದಾಗಿ ಸಾರಿದ. ತತ್ವದಲ್ಲಿ ಅವನ ಮಾತು ಸರಿ. ಗುಂಡೇಟು ತಿಂದವನ ಮೌನವನ್ನು ಪಂಚಾಯ್ತರು ಹೇಗೆ ಓದಿಕೊಳ್ಳುತ್ತಾರೆಂಬ ಎಚ್ಚರ ಮಾತ್ರ ಆ ನಡೆಯಲ್ಲಿ ಕಾಣುವುದಿಲ್ಲ. ಜೂನ್ 27ರಂದು ಅಪರಾಧಿಯೆಂಬ ತೀರ್ಪು ಬಂದಿತು. ಯೂಟಾದ ಕಾನೂನಿನಂತೆ ನೇಣು, ಗುಂಡು ಎರಡರಲ್ಲೊಂದನ್ನು ಆರಿಸಿಕೊಳ್ಳಲು ಹೇಳಿದಾಗ ಹಿಲ್ ಗುಂಡನ್ನು ಆರಿಸಿಕೊಂಡ.

ಆ ಹೊತ್ತಿಗೆ ಹಿಡಿದದ್ದು ವಾಬ್ಲಿಗಳ ಹಾಡುಗಾರನನ್ನು ಎಂದು ಪತ್ರಿಕೆಗಳು ಸಾರಿಯಾಗಿತ್ತು. ಊರಿನ ಗಣಿಮಾಲೀಕರಿಗೂ ಗಣ್ಯರಿಗೂ ಆ ಸಂಘದ ಮೇಲಿದ್ದ ದ್ವೇಷ ಗುಟ್ಟಿನದಲ್ಲ. 1915ರ ಜುಲೈನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿದಾಗ ಪತ್ರ, ತಂತಿಗಳು ಸಾವಿರಾರು ಸಂಖ್ಯೆಯಲ್ಲಿ ಗವರ್ನರ್ ವಿಲಿಯಂ ಸ್ಪ್ರೈ ಮೇಜಿನ ಮೇಲೆ ಬಂದು ಬಿದ್ದವು. ಮಾರ್ಮನ್ ಚರ್ಚಿನ ಮಾಜಿ ಅಧ್ಯಕ್ಷನ ಮಗಳು ವರ್ಜೀನಿಯಾ ಸ್ನೋ ಸ್ಟೀಫನ್ ಹಿಲ್‌ನ ಪರ ನಿಂತು, ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡಳು. ಹೆಲೆನ್ ಕೆಲ್ಲರ್ ಅಧ್ಯಕ್ಷ ವುಡ್ರೊ ವಿಲ್ಸನ್‌ಗೆ ತಂತಿ ಕಳಿಸಿದಳು. ಹಿಲ್ ತನ್ನ ಹಾಡುಗಳಲ್ಲಿ ಗೇಲಿ ಮಾಡುತ್ತಿದ್ದ ಕಸುಬು ಸಂಘಗಳ ಒಕ್ಕೂಟದ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್ ಕೂಡ ಕ್ಷಮಾದಾನ ಕೇಳಿದ. ಸ್ವೀಡನ್ನಿನ ರಾಯಭಾರಿ ವಿಲ್ಹೆಲ್ಮ್ ಎಕೆಂಗ್ರೆನ್ ಪಟ್ಟು ಹಿಡಿದ ಮೇಲೆ ವಿಲ್ಸನ್ ಎರಡು ಸಲ ಗವರ್ನರ್‌ಗೆ ತಂತಿ ಕಳಿಸಿದ. ಮೊದಲ ಸಲ ಅಕ್ಟೋಬರ್ 1ಕ್ಕೆ ಗೊತ್ತಾಗಿದ್ದ ಶಿಕ್ಷೆ ಮುಂದಕ್ಕೆ ಹೋಯಿತು. ನವೆಂಬರ್‌ನ ಎರಡನೆಯ ವಿನಂತಿಗೆ ಸ್ಪ್ರೈ ಸೊಪ್ಪು ಹಾಕಲಿಲ್ಲ.

ಸೆರೆಯಲ್ಲಿದ್ದ ಸುಮಾರು 22 ತಿಂಗಳು ಹಿಲ್ ಬರೆಯುತ್ತಲೇ ಇದ್ದ. 1915ರ ಮೇ ತಿಂಗಳಲ್ಲಿ ನೋಡಲು ಬಂದಿದ್ದ ಯುವ ಸಂಘಟಕಿ ಎಲಿಜಬೆತ್ ಗರ್ಲಿ ಫ್ಲಿನ್‌ಳ ಪ್ರೇರಣೆಯಿಂದ ಬಂದದ್ದು 'ದ ರೆಬೆಲ್ ಗರ್ಲ್'. ಅದರ ಸ್ವರಸಂಯೋಜನೆಯೂ ಹಿಲ್‌ನದೇ. ಫ್ಲಿನ್‌ಳ ಆತ್ಮಕತೆ ಮುಂದೆ ಅದೇ ಹೆಸರಿನಲ್ಲಿ ಮರುಮುದ್ರಣ ಕಂಡಿತು. ಕೊನೆಯ ದಿನ ಸಂಘದ ನಾಯಕ ಬಿಲ್ ಹೇವುಡ್‌ಗೆ ಕಳಿಸಿದ ತಂತಿಯಲ್ಲಿ ಶೋಕದಲ್ಲಿ ಹೊತ್ತು ಕಳೆಯದೆ ಸಂಘಟನೆ ಮಾಡಿರೆಂದು ಕೇಳಿಕೊಂಡ. ತನ್ನ ಹೆಣ ಯೂಟಾದ ಮಣ್ಣಿನಲ್ಲಿ ಇರುವುದು ಬೇಡ, ಗಡಿ ದಾಟಿಸಿ ಎಂದೂ ಇನ್ನೊಂದು ತಂತಿ. ಹಂಚಲು ಆಸ್ತಿಯಿಲ್ಲದವನ ಉಯಿಲನ್ನು ಒಂದು ಪುಟ್ಟ ಪದ್ಯವಾಗಿ ಬರೆದಿಟ್ಟ. ನವೆಂಬರ್ 19ರ ಬೆಳಿಗ್ಗೆ ಸೆರೆಮನೆಯ ಅಂಗಳದಲ್ಲಿ ಕುರ್ಚಿಗೆ ಕಟ್ಟಿ ಐವರು ಬಂದೂಕುದಾರರನ್ನು ನಿಲ್ಲಿಸಿದರು. ಗುಂಡು ಹಾರಿಸಿ ಎಂದು ಕೂಗಿದವನು ಹಿಲ್‌ನೇ ಎನ್ನುತ್ತವೆ ಅಂದಿನ ವರದಿಗಳು.

ಸಾವಿನ ನಂತರ

ಶವವನ್ನು ಶಿಕಾಗೊಕ್ಕೆ ಒಯ್ದರು. ನವೆಂಬರ್ 25ರ ಅಂತಿಮಯಾತ್ರೆಗೆ ಬಂದವರು ಸುಮಾರು 30,000 ಎಂದು ಅಂದಾಜಿದೆ. ಇಂಗ್ಲಿಷ್ ಅಲ್ಲದೆ ಸ್ವೀಡಿಷ್, ರಷ್ಯನ್, ಹಂಗೇರಿಯನ್, ಪೋಲಿಷ್, ಇಟಾಲಿಯನ್ ಮುಂತಾದ ಭಾಷೆಗಳಲ್ಲಿ ಭಾಷಣಗಳಾದವು, ಬೀದಿಯುದ್ದಕ್ಕೂ ಸತ್ತವನ ಹಾಡುಗಳನ್ನೇ ಜನ ಹಾಡಿದರು. ಎರಡೇ ವರ್ಷಗಳಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು, ಸರ್ಕಾರ ಐ.ಡಬ್ಲ್ಯೂ.ಡಬ್ಲ್ಯೂ. ಕಚೇರಿಗಳ ಮೇಲೆ ದಾಳಿ ಮಾಡಿ ನೂರಕ್ಕೂ ಹೆಚ್ಚು ನಾಯಕರನ್ನು ಸೆರೆಗೆ ಹಾಕಿತು. ಸಂಘ ಮತ್ತೆ ಹಳೆಯ ಬಲಕ್ಕೆ ಬರಲಿಲ್ಲ, ಹಾಡುಗಳು ಮಾತ್ರ ಬೇರೆ ಸಂಘಗಳ ಬಾಯಿಗೆ ದಾಟಿಕೊಂಡವು.

ಹಾಡುಗಾರನೇ ಹಾಡಾದದ್ದು 1930ರ ದಶಕದಲ್ಲಿ. ಕನಸಿನಲ್ಲಿ ಜೋ ಹಿಲ್ ಬಂದು ತಾನು ಸತ್ತಿಲ್ಲವೆಂದು ಹೇಳುವ ಕವಿತೆಯನ್ನು ಆಲ್ಫ್ರೆಡ್ ಹೇಯ್ಸ್ ಬರೆದ. 1936ರಲ್ಲಿ ಅರ್ಲ್ ರಾಬಿನ್ಸನ್ ಅದಕ್ಕೆ ರಾಗ ಕೂಡಿಸಿದ. ಪಾಲ್ ರೋಬ್ಸನ್ ಅದನ್ನು ತನ್ನ ಭಾರವಾದ ಕಂಠದಲ್ಲಿ ಊರೂರಿಗೆ ಒಯ್ದ. ಅಮೆರಿಕ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಾಗ 1952ರಲ್ಲಿ ಕೆನಡಾದ ಗಡಿಯಲ್ಲಿ ನಿಂತು ಹಾಡಿದ್ದರಲ್ಲೂ, 1960ರಲ್ಲಿ ಸಿಡ್ನಿಯ ಆಪೆರಾ ಹೌಸ್ ಕಟ್ಟುತ್ತಿದ್ದ ಕೆಲಸಗಾರರ ಮುಂದೆ ಹಾಡಿದ್ದರಲ್ಲೂ ಈ ಹಾಡು ಇತ್ತು. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜೋನ್ ಬಯೆಜ್ ಹಾಡಿದಾಗ, ಆಕೆಯ ಗಂಡ ವಿಯೆಟ್ನಾಂ ಯುದ್ಧಕ್ಕೆ ಹೋಗಲೊಪ್ಪದೆ ಸೆರೆಯಲ್ಲಿದ್ದ. ವುಡಿ ಗತ್ರಿ, ಪೀಟ್ ಸೀಗರ್, ಫಿಲ್ ಓಕ್ಸ್ ಈ ಪರಂಪರೆಯನ್ನು ಮುಂದುವರಿಸಿದವರು. ಬಾಬ್ ಡಿಲನ್ ತನ್ನ ಆತ್ಮಕಥನದಲ್ಲಿ ಹಿಲ್‌ಗೆ ಹಲವು ಪುಟಗಳನ್ನು ಮೀಸಲಿಟ್ಟಿದ್ದಾನೆ.

ಸ್ವೀಡನ್ ತನ್ನ ಮಗನನ್ನು ಗುರುತಿಸಿದ್ದು ತಡವಾಗಿ. ಕವಿ, ರಾಜಕಾರಣಿ ತೂರೆ ನರ್ಮನ್ ಹಿಲ್‌ನ ಹಾಡುಗಳನ್ನು ಸ್ವೀಡಿಷ್‌ಗೆ ತಂದು, ಬದುಕಿದ್ದ ಒಡಹುಟ್ಟಿದವರಿಂದ ಬಾಲ್ಯದ ವಿವರಗಳನ್ನು ಕಲೆಹಾಕಿ 1951ರಲ್ಲಿ ಪುಸ್ತಕ ಬರೆದ. ಯೆವ್ಲೆಯ ಬಗ್ಗೆ ಇಂದು ಗೊತ್ತಿರುವುದರಲ್ಲಿ ಹೆಚ್ಚಿನದು ಆ ಹುಡುಕಾಟದ ಫಲ. ಬೂ ವಿಡೆರ್‌ಬೆರ್ಗ್ ನಿರ್ದೇಶಿಸಿ, ಥೊಮ್ಮಿ ಬೆರ್ಗ್ರೆನ್ ನಟಿಸಿದ 'ಜೋ ಹಿಲ್' ಚಿತ್ರ 1971ರ ಕಾನ್ ಉತ್ಸವದಲ್ಲಿ ಜ್ಯೂರಿ ಬಹುಮಾನ ಪಡೆಯಿತು. ಹುಟ್ಟಿದ ಮನೆ ಈಗ 'ಜೋ ಹಿಲ್ ಗೋರ್ಡನ್' ಎಂಬ ವಸ್ತುಸಂಗ್ರಹಾಲಯ.

ಮೊಕದ್ದಮೆಯ ಮೇಲಿನ ಸಂಶೋಧನೆ ನಿಂತಿಲ್ಲ. ವಾಲೆಸ್ ಸ್ಟೆಗ್ನರ್ 1950ರ ಕಾದಂಬರಿಯಲ್ಲಿ ಹಿಲ್ ತಪ್ಪಿತಸ್ಥನಾಗಿರಬಹುದೆಂಬ ಕಡೆಗೆ ವಾಲಿದ. ಇತಿಹಾಸಕಾರ ಫಿಲಿಪ್ ಫೋನರ್ 1965ರಲ್ಲಿ ವಿಚಾರಣೆಯ ದೋಷಗಳನ್ನು ಒಂದೊಂದಾಗಿ ಬಿಡಿಸಿಟ್ಟ. 2011ರಲ್ಲಿ ವಿಲಿಯಂ ಆಡ್ಲರ್ ಬೆಳಕಿಗೆ ತಂದ ಪತ್ರವೊಂದು ಹಿಲ್ ಬಚ್ಚಿಟ್ಟ ಸಂಗತಿಗೆ ಹತ್ತಿರ ಬರುತ್ತದೆ. ಎಸೆಲಿಯಸ್ ಬಂಧುಬಳಗದ ಹಿಲ್ಡಾ ಎರಿಕ್ಸನ್ 1949ರಲ್ಲಿ ಬರೆದ ಪತ್ರ ಅದು. ಆಕೆ ಮೊದಲು ಆಪೆಲ್‌ಕ್ವಿಸ್ಟ್ ಜೊತೆ ಮದುವೆಗೆ ಒಪ್ಪಿ ನಂತರ ಮನಸ್ಸು ಬದಲಾಯಿಸಿದವಳು. ಸಿಟ್ಟಿನ ಭರದಲ್ಲಿ ಆಪೆಲ್‌ಕ್ವಿಸ್ಟ್‌ನೇ ತನಗೆ ಗುಂಡು ಹೊಡೆದನೆಂದು ಹಿಲ್ ತನಗೆ ಹೇಳಿದ್ದಾಗಿ ಆಕೆ ಬರೆದಿದ್ದಾಳೆ. ಆ ರಾತ್ರಿ ಅಂಗಡಿಯ ಸುತ್ತಮುತ್ತ ಸಿಕ್ಕಿಬಿದ್ದು ಬಿಡುಗಡೆಯಾದ, ಹಲವು ಹೆಸರುಗಳ ಹಳೇ ಅಪರಾಧಿ ಮ್ಯಾಗ್ನಸ್ ಓಲ್ಸನ್ ಮೇಲೆ ಆಡ್ಲರ್‌ನ ಅನುಮಾನ. ಇದು ನ್ಯಾಯಾಲಯದ ರುಜುವಾತಲ್ಲ. ಹಿಲ್ಡಾಳ ಮಾತು ಅಂದು ಪಂಚಾಯ್ತರ ಕಿವಿಗೆ ಬಿದ್ದಿದ್ದರೆ ಸಂಶಯದ ಲಾಭ ಯಾರಿಗೆ ಸಲ್ಲುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಚಿತಾಭಸ್ಮದ್ದು ಬೇರೆಯೇ ಪಯಣ. ಬೂದಿಯನ್ನು ಗಾಳಿಗೆ ಬಿಡಿ, ಅದು ಬಾಡಿದ ಹೂವಿಗೆ ಗೊಬ್ಬರವಾಗಲಿ ಎಂಬುದು ಉಯಿಲಿನ ಆಶಯ. ಸಂಘದವರು ಅದನ್ನು ನೂರಾರು ಪುಟ್ಟ ಲಕೋಟೆಗಳಲ್ಲಿ ತುಂಬಿ ಯೂಟಾ ಒಂದನ್ನು ಬಿಟ್ಟು ಉಳಿದ ರಾಜ್ಯಗಳಿಗೂ ಹಲವು ದೇಶಗಳಿಗೂ ಕಳಿಸಿದರು. ಒಂದು ಲಕೋಟೆಯನ್ನು 1917ರಲ್ಲಿ ಅಂಚೆ ಇಲಾಖೆ ಹಿಡಿದಿಟ್ಟುಕೊಂಡಿತು. ಎಪ್ಪತ್ತು ವರ್ಷ ಸರ್ಕಾರದ ಕಡತಗಳ ನಡುವೆ ಇದ್ದ ಅದನ್ನು ರಾಷ್ಟ್ರೀಯ ಪತ್ರಾಗಾರ 1988ರಲ್ಲಿ ಸಂಘಕ್ಕೆ ಹಿಂದಿರುಗಿಸಿತು. ಅದರಲ್ಲಿದ್ದ ಬೂದಿಯ ಒಂದು ಪಾಲನ್ನು 1989ರಲ್ಲಿ ಕೊಲೊರಾಡೊದ ಲಫಯೆಟ್‌ನಲ್ಲಿ, 1927ರ ಕಲ್ಲಿದ್ದಲು ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಗಣಿಗಾರರ ಸಮಾಧಿಯ ಮೇಲೆ ಚೆಲ್ಲಿದರು.